ಸಿಲಿಂಡರಿಗೆ ಬಿದ್ದ ಕಸ

ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ, ಮಾರನಹಳ್ಳಿ, ದೋಣಿಗಾಲ್ ದಾಟಿ ಸಕಲೇಶಪುರ ಸೇರುವ ಹೊತ್ತಿಗೆ ಭಾರ ಹೊತ್ತ ಗಾಡಿಯ ಎಂಜಿನ್ ಎಷ್ಟು ಬೆಂದಿರುತ್ತದೆಂಬುದು ಅದರ ಡ್ರೈವರಿಗೇ ಗೊತ್ತು. ರೇಡಿಯೇಟರಿನಲ್ಲಿ ನೀರು ಕಡಿಮೆಯಿದ್ದರಂತೂ ಕೇಳುವುದೇ ಬೇಡ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಯವರೆಗೆ ಕಾಯುವುದಿಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಹಳತಾಗಿ ಒಳಗೆ ಒತ್ತಡ ನಿಲ್ಲದಿದ್ದರೆ ಈ ಮೂರು ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ. ಹೀಗೆ ಅತಿಯಾಗಿ ಕಾದ ಎಂಜಿನ್ನಿನಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಹೆಡ್ ಗ್ಯಾಸ್ಕೆಟ್ ಒಂದು.

ನೋಡಲು ಇದೊಂದು ತೆಳ್ಳನೆಯ ಹಾಳೆ, ಅಷ್ಟೆ. ಕೆಳಗಿನ ಸಿಲಿಂಡರ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂತು ಬೆಂಕಿ, ನೀರು, ಎಣ್ಣೆ ಮೂರನ್ನೂ ಒಂದಕ್ಕೊಂದು ಸೇರದಂತೆ ಕಾಯುತ್ತದೆ. ಡೀಸೆಲ್ ಎಂಜಿನ್ನಿನೊಳಗೆ ಗಾಳಿ ಹದಿನಾರರಿಂದ ಇಪ್ಪತ್ತು ಪಟ್ಟು ಒತ್ತಲ್ಪಟ್ಟು 500 ಡಿಗ್ರಿಗೂ ಮೀರಿ ಕಾಯುತ್ತದೆ. ಬ್ಲಾಕು ಎರಕದ ಕಬ್ಬಿಣದ್ದಾಗಿ ಹೆಡ್ಡು ಅಲ್ಯೂಮಿನಿಯಂನದಾಗಿದ್ದರೆ ಇನ್ನೊಂದು ಫಜೀತಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಇವೆರಡರ ಎಳೆದಾಟದ ನಡುವೆ ಗ್ಯಾಸ್ಕೆಟ್ ಎಲ್ಲಾದರೂ ಸುಟ್ಟಿತೋ, ಸೈಲೆನ್ಸರಿನಲ್ಲಿ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಆಯಿಲ್ ನೋಡಿದರೆ ಹಾಲು ಬೆರೆಸಿದಂಥ ಬಣ್ಣ.

ಆಲೂರು, ಸಕಲೇಶಪುರದ ತೋಟಗಳಲ್ಲಿ ಈ ರೋಗ ಘಾಟಿ ಹತ್ತುವ ಗಾಡಿಗಳಿಗಷ್ಟೇ ಮೀಸಲಲ್ಲ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ರೊಬಸ್ಟಾ ಕಾಫಿಗೆ ಹೂಮಳೆ ಬೇಕು. ಮಳೆ ಬಾರದಿದ್ದರೆ ಕೆರೆಗೋ ಹಳ್ಳಕ್ಕೋ ಡೀಸೆಲ್ ಪಂಪ್‌ಸೆಟ್ ಇಟ್ಟು ಸ್ಪ್ರಿಂಕ್ಲರ್ ಹಾರಿಸಬೇಕು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗಾಗುತ್ತದೆ. ಸಕಾಲಕ್ಕೆ ನೀರು ಸಿಗದ ಮೊಗ್ಗು ಕೆಟ್ಟರೆ ಆ ವರ್ಷದ ಫಸಲಿಗೇ ಪೆಟ್ಟು. ಅಂಥ ಹೊತ್ತಿನಲ್ಲಿ, ಹಗಲೂ ರಾತ್ರಿ ಓಡಿದ ಎಂಜಿನ್ ಗ್ಯಾಸ್ಕೆಟ್ ಕಳಕೊಂಡು ನಿಲ್ಲುತ್ತದೆ. ಮಾಲೀಕರಿಗೆ ಸಂಜೆಯೊಳಗೆ ಪಂಪ್ ಓಡಬೇಕು. ಮೆಕ್ಯಾನಿಕ್ ಕೆರೆಯ ದಂಡೆಯಲ್ಲೇ ಹೆಡ್ ಬಿಚ್ಚುತ್ತಾನೆ. ಅನಾಹುತದ ಬೀಜ ಬೀಳುವುದು ಆಗಲೇ.

ಬಿಚ್ಚುವ ಮೊದಲು ಎಂಜಿನ್ನಿನ ಮೈಮೇಲಿನ ಕೆಮ್ಮಣ್ಣನ್ನು ತೊಳೆಯುವವರು ಕಡಿಮೆ. ಹೆಡ್ ಎತ್ತಿದ ಕೂಡಲೇ ಆ ಮಣ್ಣಿನ ಜತೆ ಗ್ಯಾಸ್ಕೆಟ್ಟಿನ ಚೂರು, ಗಟ್ಟಿ ಮಸಿ ಎಲ್ಲವೂ ತೆರೆದ ಸಿಲಿಂಡರಿಗೆ ಉದುರುತ್ತವೆ. ಒಂದಷ್ಟು ನೀರಿನ ದಾರಿಗೆ, ಒಂದಷ್ಟು ಎಣ್ಣೆಯ ತೂತಿಗೆ. ಇವುಗಳಿಗೆಲ್ಲ ಮೊದಲೇ ಬಟ್ಟೆ ತುರುಕಬೇಕು. ಗ್ಯಾರೇಜಿನ ಹತ್ತಿ ವೇಸ್ಟ್ ಇದಕ್ಕೆ ಬೇಡ, ಅದರ ಎಳೆಯೇ ಎಣ್ಣೆಯ ತೂತು ಕಟ್ಟೀತು. ಒಗೆದ ಹಳೇ ಪಂಚೆಯ ತುಂಡು ಸಾಕು. ಎಷ್ಟು ತುಂಡು ತುರುಕಿದೆ ಎಂದು ಎಣಿಸಿಡುವುದು ಒಳ್ಳೆಯದು.

ಮೇಲೆ ಬಂದು ನಿಂತ ಪಿಸ್ಟನ್ನಿನ ಮಸಿ ಕೆರೆಯುವುದಕ್ಕೆ ಹಳೆಯ ಕೈಗಳು ಬಲ್ಲ ಒಂದು ಉಪಾಯವಿದೆ. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದಿಗೆ ಸುತ್ತಲೂ ಗ್ರೀಸ್ ತುಂಬುವುದು. ಕೆರೆದ ಮಸಿ ಗ್ರೀಸಿಗೆ ಅಂಟುತ್ತದೆ. ಮೇಲಿನದನ್ನು ಒರೆಸಿ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಕೆಳಗಿಳಿಯುತ್ತದೆ, ಕರೀ ಗ್ರೀಸಿನ ಬಳೆ ಗೋಡೆಯ ಮೇಲೇ ಉಳಿಯುತ್ತದೆ. ಅದನ್ನೂ ಒರೆಸಿ ತೆಗೆದರಾಯಿತು. ಎರಡು ಮೂರು ಸಲ ಮಾಡಿದರೆ ಇನ್ನೂ ಮೇಲು. ಆದರೆ ಬಿಡಿ ಲೈನರಿನ ಎಂಜಿನ್ನುಗಳಲ್ಲಿ ಜೋಕೆ! ಹೆಡ್ಡಿನ ಹಿಡಿತವಿಲ್ಲದೆ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಜತೆ ಲೈನರೂ ಮೇಲೆದ್ದು ಬುಡದ ರಬ್ಬರ್ ಬಳೆ ಕೆಟ್ಟೀತು. ವಾಷರ್ ಹಾಕಿ ಬೋಲ್ಟಿನಿಂದ ಲೈನರನ್ನು ಅದುಮಿಟ್ಟೇ ತಿರುಗಿಸಬೇಕು.

ಇಷ್ಟೆಲ್ಲ ಮಾಡುವವರೂ ಎಡವುವುದು ಎಮರಿ ಪೇಪರಿನ ವಿಷಯದಲ್ಲಿ. ಅಂಟಿಕೊಂಡ ಗ್ಯಾಸ್ಕೆಟ್ಟನ್ನು ಎಮರಿಯಿಂದ ಉಜ್ಜಿದರೆ ಬೇಗ ಹೊಳಪು ಬರುತ್ತದೆ, ನಿಜ. ಆದರೆ ಎಮರಿ ಎಂದರೇನು? ಅದರ ಮುಖ್ಯ ವಸ್ತು ಕುರುಂದ, ರಸಾಯನಶಾಸ್ತ್ರದ ಅಲ್ಯೂಮಿನಿಯಂ ಆಕ್ಸೈಡ್. ಕೋರಂಡಮ್ ಎಂಬ ಹೆಸರೂ ನಮ್ಮ ದಕ್ಷಿಣದ ನುಡಿಗಳಿಂದಲೇ ಹೋದದ್ದು. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಕುರುಂದ 9. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಎಣ್ಣೆಗೆಂದು ಬಿಟ್ಟ ಸಂದು ಮಿಲಿಮೀಟರಿನ ನೂರರಲ್ಲಿ ಐದಾರು ಭಾಗ, ತಲೆಗೂದಲಿನಷ್ಟು. ಫಿಲ್ಟರಿಗೂ ಸಿಗದ ನುಣ್ಣನೆಯ ಪುಡಿ ಆ ಸಂದಿಗೆ ಸೇರಿ ಮೆತ್ತನೆಯ ಬೇರಿಂಗಿನಲ್ಲಿ ಹುಗಿದು ಕೂರುತ್ತದೆ. ಅಲ್ಲಿಂದ ಮುಂದೆ ಬೇರಿಂಗೇ ಸಾಣೆಕಲ್ಲು, ಸವೆಯುವುದು ಕ್ರ್ಯಾಂಕು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಗ್ಯಾಸ್ಕೆಟ್ ತೆಗೆಯಲು ಉಜ್ಜುವ ಬಿಲ್ಲೆಗಳನ್ನು ಬಳಸಬೇಡಿ ಎಂದು ತನ್ನ ಮೆಕ್ಯಾನಿಕ್‌ಗಳಿಗೆ ಲಿಖಿತವಾಗಿಯೇ ಎಚ್ಚರಿಸಿದ್ದು ಇದೇ ಕಾರಣಕ್ಕೆ. ಗ್ಯಾಸ್ಕೆಟ್ ಹಾಕಿದ ಕೆಲವೇ ದಿನಕ್ಕೆ ಎಂಜಿನ್ ಬಡಿಯತೊಡಗಿದರೆ ಬೈಗುಳ ಬೀಳುವುದು ಮಾತ್ರ ಹೊಸ ಗ್ಯಾಸ್ಕೆಟ್ಟಿಗೆ.

ಹಾಗಾದರೆ ಕೆರೆಯುವುದು ಹೇಗೆ? ಅಂಟು ಕರಗಿಸುವ ದ್ರಾವಣ ಹಚ್ಚಿ ನೆನೆಯಬಿಟ್ಟು, ಅಲ್ಯೂಮಿನಿಯಂ ಆದರೆ ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ನಿಧಾನವಾಗಿ. ಕಸವನ್ನು ಗಾಳಿ ಹೊಡೆದು ಓಡಿಸುವುದಕ್ಕಿಂತ ವ್ಯಾಕ್ಯೂಮ್ ಕ್ಲೀನರಿನಿಂದ ಹೀರಿ ತೆಗೆಯುವುದು ಲೇಸು. ಗಾಳಿ ಕಸವನ್ನು ಒಂದು ತೂತಿನಿಂದ ಇನ್ನೊಂದು ತೂತಿಗೆ ಕಳಿಸುತ್ತದೆ, ಅಷ್ಟೆ. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶ ಸೇರಿದರೆ ಕ್ಯಾನ್ಸರಿಗೂ ದಾರಿ. ಆದ್ದರಿಂದ ಒಣಗಿದ್ದನ್ನು ಕೆರೆಯದೆ ಒದ್ದೆ ಮಾಡಿಯೇ ತೆಗೆಯಬೇಕು. ಅದನ್ನು ವ್ಯಾಕ್ಯೂಮಿನಿಂದಲೂ ಎಳೆಯಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಬೋಲ್ಟ್ ಕೂರುವ ತೂತುಗಳನ್ನು ಮಾತ್ರ ಯಾರೂ ಇಣುಕಿ ನೋಡುವುದಿಲ್ಲ. ತಳ ಮುಚ್ಚಿದ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲ. ದ್ರವ ಕುಗ್ಗುವುದಿಲ್ಲವಲ್ಲ! ಒತ್ತಡಕ್ಕೆ ಬ್ಲಾಕೇ ಬಿರುಕುಬಿಟ್ಟ ಉದಾಹರಣೆಗಳಿವೆ. ಕಸ ತುಂಬಿದ್ದರೆ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ. ಬಿಗಿಯಾಯಿತೆಂದು ಅದು ತೋರಿಸಿದರೂ ಗ್ಯಾಸ್ಕೆಟ್ಟಿನ ಮೇಲೆ ಬೇಕಾದ ಅದುಮು ಬಿದ್ದಿರುವುದಿಲ್ಲ.

ಕೊನೆಗೆ ತುರುಕಿದ ಬಟ್ಟೆಗಳನ್ನು ಎಣಿಸಿ ತೆಗೆದು, ಸಿಲಿಂಡರ್ ಗೋಡೆಗೆ ಎಣ್ಣೆ ಸವರಿ ಹೆಡ್ ಕೂರಿಸುವುದು. ಹಾಲಿನಂತಾದ ಹಳೇ ಆಯಿಲನ್ನೇ ಸೋಸಿ ಮತ್ತೆ ಸುರಿಯುವವರೂ ಉಂಟು. ಅದು ಶುದ್ಧ ತಪ್ಪು. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಸ್ವಲ್ಪ ಹೊತ್ತು ಓಡಿಸಿ, ಬಿಸಿಯಿರುವಾಗಲೇ ಅದನ್ನೂ ಇಳಿಸಿ ಇನ್ನೊಮ್ಮೆ ಬದಲಿಸಬೇಕು. ಇಳಿಸಿದ ಆಯಿಲನ್ನು ಬಿಳೀ ತಟ್ಟೆಗೆ ಒಂದಿಷ್ಟು ಬಗ್ಗಿಸಿ ಬಿಸಿಲಿಗೆ ಹಿಡಿದರೆ ಒಳಗೆ ಎಷ್ಟು ಕಸ ಉಳಿದಿತ್ತೆಂಬುದು ಕಣ್ಣಿಗೇ ಕಾಣುತ್ತದೆ.