ಸಂಪಿಗೆ ಗಿಡ ತುದಿಯಿಂದ ಒಣಗುತ್ತಿದೆಯೇ?

ಅಂಗಳದ ಮೂಲೆಯಲ್ಲೊಂದು ಸಂಪಿಗೆ ಇರಬೇಕೆಂಬ ಆಸೆ ಯಾವ ಗೃಹಿಣಿಗಿಲ್ಲ ಹೇಳಿ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಂತೂ ನರ್ಸರಿಯಿಂದ ತಂದ ಕಸಿ ಸಂಪಿಗೆ ಈಗ ಸಾಮಾನ್ಯ. ಬೀಜದ ಗಿಡ ಹೂ ಬಿಡಲು ಏಳೆಂಟು ವರ್ಷ ಕಾಯಿಸಿದರೆ, ಕಸಿಯದ್ದು ಎರಡು-ಮೂರು ವರ್ಷಕ್ಕೇ ಮುಡಿಗೆ ಹೂ ಕೊಡುತ್ತದೆ. ಆದರೆ ಇನ್ನೇನು ಮೊಗ್ಗು ಕಾಣಬೇಕು ಎನ್ನುವಾಗ ತುದಿಯ ಎಲೆ ಹಳದಿಯಾಗಿ ಉದುರಿ, ಗೆಲ್ಲು ಮೇಲಿನಿಂದ ಕೆಳಕ್ಕೆ ಒಣಗುತ್ತಾ ಬಂದರೆ? "ಎಂತ ಮಾರಾಯ್ತಿ, ದೃಷ್ಟಿ ಬಿದ್ದದ್ದಾ?" ಎಂದು ಪಕ್ಕದ ಮನೆಯವರು ಕೇಳುತ್ತಾರೆ. "ಕಡಿದು ಬೇರೆ ನೆಡುವ" ಎಂದು ಗಂಡಸರು ಕತ್ತಿ ಹುಡುಕುತ್ತಾರೆ. ಸ್ವಲ್ಪ ತಾಳಿ.

ಮೊದಲು ಜೀವ ಎಲ್ಲಿಯವರೆಗೆ ಉಂಟು ಎಂದು ನೋಡಿ. ಗೆಲ್ಲಿನ ಸಿಪ್ಪೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ; ಕಂದು ಬಣ್ಣವಾಗಿ ಒಣಗಿದ್ದರೆ ಅಷ್ಟು ಭಾಗ ಸತ್ತಿದೆ. ಕೆಳಗೆ ಕೆಳಗೆ ಕೆರೆಯುತ್ತಾ ಬನ್ನಿ. ಕಸಿ ಕಟ್ಟಿದ ಗಂಟಿನ ಮೇಲೆ ಒಂದು ಗೇಣು ಹಸಿರು ಸಿಕ್ಕಿದರೂ ಗಿಡವನ್ನು ಕಡಿಯಲು ಬಿಡಬೇಡಿ.

ಒಣಗುವುದು ತುದಿಯಲ್ಲಿ ಕಂಡರೂ ಕೇಡು ಹೆಚ್ಚಾಗಿ ಬುಡದಲ್ಲಿರುತ್ತದೆ. ನಮ್ಮದು ಮುರಕಲ್ಲಿನ ನೆಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲು ಕಡಿದು ಗುಂಡಿ ಮಾಡಿ ಮೆದು ಮಣ್ಣು ತುಂಬಿದರೆ ಅದು ಹಂಡೆಯ ಹಾಗೆ. ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಸಂಪಿಗೆಯದ್ದು ತಿರುಳಿನಂಥ ಮೆದು ಬೇರು. ನಿಂತ ನೀರಿನಲ್ಲಿ ಉಸಿರು ಕಟ್ಟಿ ಕೊಳೆಯುತ್ತದೆ. ಬೇರು ಹೋದ ಮೇಲೆ ತುದಿಗೆ ನೀರು ಏರಿಸುವವರು ಯಾರು? ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಗಿಡದ ಸುತ್ತ ಒಂದು ಮೊಳ ಜಾಗ ಬಿಟ್ಟು ಕಟ್ಟೆ ಕಟ್ಟುವವರಿಗೆ ಏನು ಹೇಳಲಿ!

ನನ್ನ ನಾದಿನಿ ಬೆಳ್ತಂಗಡಿ ಕಡೆ ಇದ್ದಾಳೆ. ನಮ್ಮ ಮಾವನವರು ತೀರಿಹೋಗುವ ವರ್ಷ ಅವಳ ಅಂಗಳದಲ್ಲಿ ತಾವೇ ಕೈಯಾರೆ ನೆಟ್ಟ ಸಂಪಿಗೆ ಅದು. ಆಟಿ ತಿಂಗಳಲ್ಲಿ ಒಣಗತೊಡಗಿದ್ದೇ ಅವಳು ಹೆದರಿ, ಒಂದು ವಾರ ಹಟ್ಟಿ ಗೊಬ್ಬರ, ಇನ್ನೊಂದು ವಾರ ಯೂರಿಯ ಹಾಕಿದಳು. ಜ್ವರ ಬಂದವರಿಗೆ ಹೋಳಿಗೆ ಬಡಿಸಿದ ಹಾಗಾಯಿತು. ಇನ್ನೂ ಎರಡು ಗೆಲ್ಲು ಹೋಯಿತು. ಬುಡ ಕೆದಕಿ ನೋಡಿದರೆ ಬೇರು ಕಪ್ಪಾಗಿ ನಾರುತ್ತಿತ್ತು. ಗೊಬ್ಬರವನ್ನೆಲ್ಲ ಎಳೆದು ತೆಗೆಸಿ, ಅಡಿಕೆ ತೋಟದಲ್ಲಿ ಮಾಡುವಂತೆ ತಗ್ಗಿನ ಬದಿಗೆ ಗುಂಡಿಯಷ್ಟೇ ಆಳದ ಕಣಿ ಕಡಿಸಿದೆವು. ದೀಪಾವಳಿ ಹೊತ್ತಿಗೆ ಕಾಂಡದಲ್ಲಿ ಕೆಂಪು ಚಿಗುರು ಕಂಡಿತು. "ಅಪ್ಪ ಹೋಗಲಿಲ್ಲ ಅತ್ತಿಗೆ" ಎಂದು ಫೋನಿನಲ್ಲಿ ಅತ್ತುಬಿಟ್ಟಳು.

ಒಣಗಿದ ಗೆಲ್ಲನ್ನು ಮಳೆ ಬಿಟ್ಟ ದಿನ ನೋಡಿ, ಹರಿತವಾದ ಕತ್ತಿಯಿಂದ, ಹಸಿರು ಕಂಡ ಜಾಗಕ್ಕಿಂತ ಎರಡಂಗುಲ ಕೆಳಗೆ ಓರೆಯಾಗಿ ಕತ್ತರಿಸಿ. ಕಡಿದದ್ದನ್ನು ಬುಡದಲ್ಲಿ ಹಾಕಬೇಡಿ, ಸುಟ್ಟುಬಿಡಿ. ಗಾಯಕ್ಕೆ ಹಚ್ಚಲು ಬೋರ್ಡೋ ಮುಲಾಮು ಒಳ್ಳೆಯದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಮದ್ದು ಇದು. ನಮ್ಮವರು ಅಡಿಕೆಯ ಕೊಳೆರೋಗಕ್ಕೆ ಬಿಡುವುದೂ ಇದನ್ನೇ, ಆದರೆ ಅದು ತೆಳು. ಗಾಯಕ್ಕೆ ದಪ್ಪ ಬೇಕು. 10 ಗ್ರಾಂ ಮೈಲುತುತ್ತನ್ನು 50 ಮಿಲಿಲೀಟರ್ ನೀರಿನಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದು 50 ಮಿಲಿಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ದು ಕಲಕಿ. ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ನೋಡಿ. ಚೂರಿ ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು. ಪ್ಲಾಸ್ಟಿಕ್ ಡಬ್ಬದಲ್ಲೇ ಮಾಡಿ, ಅದೇ ದಿನ ಹಚ್ಚಿ ಮುಗಿಸಿ. ಅಡಿಗೆಯ ಪಾತ್ರೆ ಮುಟ್ಟಿಸಲೇಬೇಡಿ, ಅದು ವಿಷ. ಮಕ್ಕಳಿಗೆ ಸಿಗದ ಹಾಗೆ ಇಡಿ.

ಕಾಂಡದಲ್ಲಿ ತೂತು, ಅದರ ಕೆಳಗೆ ಮರದ ಹುಡಿ ಕಂಡರೆ ಮಾತ್ರ ಅದು ಕೊರೆಯುವ ಹುಳದ ಕೆಲಸ. ತಂತಿ ತೂರಿಸಿ ಹುಳವನ್ನು ಕೊಂದು, ತೂತನ್ನು ಜೇಡಿಮಣ್ಣಿನಿಂದ ಮುಚ್ಚಿ.

ಹೊಸ ಚಿಗುರಿನ ಎಲೆ ಬಲಿಯುವವರೆಗೆ ಗೊಬ್ಬರ ಬೇಡ. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹಾಸಿ, ಆದರೆ ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ. ಬೆರಳು ಮಣ್ಣಿಗೆ ಊರಿ, ಒಣಗಿದ್ದರೆ ಮಾತ್ರ ನೀರು ಹೊಯ್ಯಿರಿ. ಕಸಿ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಆಗಲೇ ಚಿವುಟಿ ತೆಗೆಯಿರಿ. ಅದು ಬೀಜದ ಗಿಡದ ಚಿಗುರು, ಅದನ್ನು ಬೆಳೆಯಲು ಬಿಟ್ಟರೆ ಮೇಲಿನ ಕಸಿಯನ್ನು ಸೊರಗಿಸಿ ತಾನೇ ಮರವಾಗುತ್ತದೆ.