ಗರ್ಭಕೋಶದ ಸಾರ್ಕೋಮಾ: ಮೊದಲ ಶಸ್ತ್ರಚಿಕಿತ್ಸೆಯೇ ನಿರ್ಣಾಯಕ



ಗರ್ಭಕೋಶದಲ್ಲಿ ಗಡ್ಡೆಯಿದೆ ಎಂದು ವೈದ್ಯರು ತಿಳಿಸಿದೊಡನೆ ತಾಯಂದಿರು ಭಯಪಡಬೇಕಾಗಿಲ್ಲ. ಬಹುಪಾಲು ಗಡ್ಡೆಗಳು ಫೈಬ್ರಾಯ್ಡ್ ಎಂಬ ನಿರಪಾಯಕಾರಿ ಬೆಳವಣಿಗೆಗಳೇ ಆಗಿರುತ್ತವೆ. ಆದರೆ ಅಪರೂಪಕ್ಕೊಮ್ಮೆ ಅದೇ ರೂಪದಲ್ಲಿ ಸಾರ್ಕೋಮಾ ಎಂಬ ಕ್ಯಾನ್ಸರ್ ಅಡಗಿರುವುದುಂಟು. ಇದು ಸ್ನಾಯು ಮತ್ತಿತರ ಮೃದು ಅಂಗಾಂಶಗಳಲ್ಲಿ ಹುಟ್ಟುತ್ತದೆ. ಗರ್ಭಕೋಶದ ನೂರು ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು 3ರಿಂದ 7 ಮಾತ್ರ.

ಸ್ಕ್ಯಾನಿಂಗ್‌ನಿಂದ ಇವೆರಡನ್ನೂ ಖಚಿತವಾಗಿ ಬೇರ್ಪಡಿಸಲಾಗದು. ಆದುದರಿಂದಲೇ ಮೊದಲ ಶಸ್ತ್ರಚಿಕಿತ್ಸೆಗೆ ಅಷ್ಟು ಮಹತ್ವ. ಗರ್ಭಕೋಶವನ್ನು ಗಡ್ಡೆಯೊಂದಿಗೆ ಒಡೆಯದೆ, ಇಡಿಯಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಸಣ್ಣ ರಂಧ್ರದ ಮೂಲಕ ಹೊರತೆಗೆಯಲು ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಚೂರು ಮಾಡಿದರೆ, ಅಡಗಿದ್ದ ಕ್ಯಾನ್ಸರ್ ಕಣಗಳು ಉದರದಲ್ಲೆಲ್ಲ ಚದುರಬಹುದು. ಫೈಬ್ರಾಯ್ಡ್ ಎಂದು ಶಸ್ತ್ರಚಿಕಿತ್ಸೆಗೊಳಗಾಗುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಸಾರ್ಕೋಮಾ ಇರಬಹುದೆಂದು ಅಂದಾಜಿಸಿದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, 2014ರಲ್ಲಿ ಈ ವಿಧಾನದ ವಿರುದ್ಧ ಎಚ್ಚರಿಕೆ ನೀಡಿತು.

ಮುಂದಿನ ಚಿಕಿತ್ಸೆ ಸಾರ್ಕೋಮಾದ ಬಗೆಯನ್ನು ಅವಲಂಬಿಸಿದೆ. ಸ್ನಾಯುವಿನಲ್ಲಿ ಹುಟ್ಟುವ ಲಿಯೋಮಯೋಸಾರ್ಕೋಮಾ ಹರಡಿದ್ದರೆ ಡಾಕ್ಸೋರುಬಿಸಿನ್ ಮೊದಲಾದ ಕಿಮೊಥೆರಪಿ ಔಷಧಗಳನ್ನು ಕೊಡುತ್ತಾರೆ. ನಿಧಾನವಾಗಿ ಬೆಳೆಯುವ ಸ್ಟ್ರೋಮಲ್ ಸಾರ್ಕೋಮಾ ಈಸ್ಟ್ರೋಜನ್ನಿನಿಂದ ಪೋಷಣೆ ಪಡೆಯುವುದರಿಂದ, ಅದನ್ನು ತಗ್ಗಿಸುವ ಔಷಧಗಳು ಫಲ ನೀಡುತ್ತವೆ. ಅಂಥವರಿಗೆ ಈಸ್ಟ್ರೋಜನ್ ಮಾತ್ರೆ ಸಲ್ಲದು. ಪುಟ್ಟ ಹೆಣ್ಣುಮಕ್ಕಳ ಯೋನಿಯಲ್ಲಿ ದ್ರಾಕ್ಷಿಗೊಂಚಲಿನಂತೆ ಕಾಣಿಸಿಕೊಳ್ಳುವ ರಾಬ್ಡೊಮಯೋಸಾರ್ಕೋಮಾಕ್ಕೆ ಕಿಮೊಥೆರಪಿಯೇ ಮುಖ್ಯ ಆಧಾರ. ಅದರಿಂದಾಗಿ ಅನೇಕ ಮಕ್ಕಳು ಅಂಗಗಳನ್ನು ಕಳೆದುಕೊಳ್ಳದೆ ಗುಣಮುಖರಾಗುತ್ತಾರೆ.

ಮುಟ್ಟು ನಿಂತ ಬಳಿಕ ರಕ್ತ ಕಾಣಿಸಿಕೊಂಡರೆ ಅಥವಾ ಗಡ್ಡೆ ಬೆಳೆದರೆ ಸಂಕೋಚದಿಂದ ಮುಚ್ಚಿಡಬಾರದು. ಆ ಮಾತನ್ನು ಆಡುವ ಧೈರ್ಯವನ್ನು ಮನೆಯವರೇ ತಾಯಂದಿರಿಗೆ ತುಂಬಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರನ್ನು ಮೂರು ಪ್ರಶ್ನೆ ಕೇಳಿರಿ: ಇದು ಕ್ಯಾನ್ಸರ್ ಆಗಿರುವ ಶಂಕೆಯಿದೆಯೇ? ಗಡ್ಡೆಯನ್ನು ಇಡಿಯಾಗಿ ತೆಗೆಯುವಿರಾ? ತೆಗೆದುದನ್ನು ಪ್ರಯೋಗಾಲಯಕ್ಕೆ ಕಳುಹಿಸುವಿರಾ? ಆ ಪ್ರಯೋಗಾಲಯದ ವರದಿಯನ್ನು ತಪ್ಪದೆ ಪಡೆದು ಜೋಪಾನವಾಗಿಡಿರಿ. ಅದರಲ್ಲಿ ಸಾರ್ಕೋಮಾ ಎಂದಿದ್ದರೆ ತಡಮಾಡದೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಅಂಗಾಂಶವನ್ನು ಅಲ್ಲಿನ ತಜ್ಞರಿಂದ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ಅಪರೂಪದ ಕಾಯಿಲೆಗೆ ಅದನ್ನು ಪದೇ ಪದೇ ಕಂಡ ಕಣ್ಣುಗಳೇ ಬೇಕು.