ಶ್ರೀರಂಗಪಟ್ಟಣದ ಬಾಣ, ಇವೊ ಜಿಮಾದ ಹಡಗು

ದೀಪಾವಳಿಯಲ್ಲಿ ಖಾಲಿ ಬಾಟಲಿಗೆ ರಾಕೆಟ್ ಸಿಕ್ಕಿಸಿ ಬತ್ತಿ ಹಚ್ಚಿದವರೆಲ್ಲ ನೋಡಿರುತ್ತಾರೆ. ರಾಕೆಟ್ ಸುಂಯ್ಯನೆ ಹೋಗುತ್ತದೆ, ಬಾಟಲಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಫಿರಂಗಿ ಹಾಗಲ್ಲ, ಗುಂಡು ಹೊರಟ ಕೂಡಲೇ ಹಿಂದಕ್ಕೆ ಒದೆಯುತ್ತದೆ. ಆ ಒದೆತ ತಾಳಿಕೊಳ್ಳಲು ಗಟ್ಟಿ ಹಡಗೇ ಬೇಕು. ರಾಕೆಟ್ಟಿಗಾದರೆ ದೋಣಿಯೂ ಸಾಕು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳ ದಡಕ್ಕೆ ನುಗ್ಗಿದ ಪುಟ್ಟ ರಾಕೆಟ್ ಹಡಗುಗಳು ಹುಟ್ಟಿದ್ದು ಈ ಒಂದು ಅನುಕೂಲದಿಂದ.

ಬೇರು ಹುಡುಕುತ್ತ ಹೋದರೆ ನಮ್ಮಲ್ಲಿಗೇ ಬಂದು ನಿಲ್ಲುತ್ತೇವೆ. ಹೈದರ್, ಟಿಪ್ಪು ಕಾಲದ ಮೈಸೂರು ಬಾಣಗಳದು ಕಬ್ಬಿಣದ ಕೊಳವೆ. ಮದ್ದನ್ನು ಗಟ್ಟಿಯಾಗಿ ಜಡಿದರೂ ಸಿಡಿಯುತ್ತಿರಲಿಲ್ಲ, ಹಾಗಾಗಿ ದೂರ ಹೋಗುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರ ಕೆಸರಿನಿಂದ ಅಂಥವು ಸಾವಿರಕ್ಕೂ ಹೆಚ್ಚು ಹೊರಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿನ ವುಲಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ತಿದ್ದಿ ದೋಣಿಗೇರಿಸಿದ. 1806ರಲ್ಲಿ ಅವು ಫ್ರಾನ್ಸಿನ ಬೂಲೋನ್ ಪಟ್ಟಣಕ್ಕೆ ಬೆಂಕಿ ಹಚ್ಚಿದವು. 1814ರಲ್ಲಿ ಬಾಲ್ಟಿಮೋರ್ ಕೋಟೆಯ ಮೇಲೆ ರಾಕೆಟ್ ಸುರಿದ ‘ಎರೆಬಸ್’ ಎಂಬ ಹಡಗಿನ ಮಗ್ಗುಲಲ್ಲಿ ಅದಕ್ಕೆಂದೇ ಕಿಂಡಿಗಳಿದ್ದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟಿನ ಕೆಂಪು ಅದೇ. ನಮ್ಮ ಜಂಬ ಇಷ್ಟಕ್ಕೇ ಸಾಕು, ಮುಂದಿನದೆಲ್ಲ ಬೇರೆಯವರ ಕೈಕೆಲಸ.

ಗುರಿ ತಪ್ಪದ ಫಿರಂಗಿಗಳು ಬಂದ ಮೇಲೆ ರಾಕೆಟ್ ಮೂಲೆ ಸೇರಿತು. ಅದನ್ನು ಮತ್ತೆ ಹೊರಗೆಳೆದದ್ದು ಕೆಲವೇ ನಿಮಿಷಗಳ ಒಂದು ಪೇಚು. ದ್ವೀಪಕ್ಕೆ ಸೈನಿಕರು ಇಳಿಯುವಾಗ ದೊಡ್ಡ ಯುದ್ಧನೌಕೆಗಳು ತಮ್ಮವರಿಗೇ ತಾಗೀತೆಂದು ಗುಂಡು ನಿಲ್ಲಿಸಬೇಕು. ಅಲ್ಲಿಂದ ದೋಣಿ ದಡ ಮುಟ್ಟುವಷ್ಟರಲ್ಲಿ ಬಂಕರಿನೊಳಗಿನ ಶತ್ರು ತಲೆಯೆತ್ತಿ ಮೆಷಿನ್‌ಗನ್ ಹಿಡಿದಿರುತ್ತಾನೆ. 1943ರ ನವೆಂಬರಿನಲ್ಲಿ ಪೆಸಿಫಿಕ್‌ನ ತರಾವಾ ದ್ವೀಪದಲ್ಲಿ ಹೀಗೇ ಆಯಿತು. ಮೂರು ಚಿಲ್ಲರೆ ದಿನದಲ್ಲಿ ಸುಮಾರು ಸಾವಿರ ಅಮೆರಿಕನ್ನರು ಸತ್ತರು.

ಈ ಪೇಚಿಗೆ ಮದ್ದು ಆಗಲೇ ತಯಾರಿತ್ತು. ಜಲಾಂತರ್ಗಾಮಿ ಬೇಟೆಗೆ ಮಾಡಿದ್ದ ‘ಇಲಿಬೋನು’ ಎಂಬ ಅಸ್ತ್ರದ ರಾಕೆಟ್ ಮೋಟಾರನ್ನೇ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯವರು 1942ರಲ್ಲಿ ದಡಕ್ಕೆ ಹೊಡೆಯುವ ನಾಲ್ಕೂವರೆ ಇಂಚಿನ ರಾಕೆಟ್ಟಿಗೆ ಹೊಂದಿಸಿದ್ದರು. ಹಡಗೂ ಹೊಸದಲ್ಲ. ಸೈನಿಕರನ್ನು ದಡಕ್ಕಿಳಿಸುವ 158 ಅಡಿಯ ಎಲ್‌ಸಿಐ ಎಂಬ ಹಡಗಿಗೇ ತೋಪು, ರಾಕೆಟ್ ಚೌಕಟ್ಟು ಕೂರಿಸಿದರು. ರಾಕೆಟ್ ಚೌಕಟ್ಟನ್ನು ಆಚೀಚೆ ತಿರುಗಿಸುವಂತಿಲ್ಲ. ಗುರಿ ಹಿಡಿಯಬೇಕೆಂದರೆ ಚುಕ್ಕಾಣಿ ಹಿಡಿದವನು ಇಡೀ ಹಡಗನ್ನೇ ತಿರುಗಿಸಬೇಕು. ರಾಕೆಟ್ ಹೋಗುತ್ತಿದ್ದುದು ಒಂದೇ ಕಿಲೋಮೀಟರು. ಅಂದರೆ ತೆಳು ತಗಡಿನ ಈ ಹಡಗು ಶತ್ರುವಿನ ಮೂಗಿನಡಿಗೇ ಹೋಗಿ ನಿಲ್ಲಬೇಕು. ದೊಡ್ಡ ಹಡಗು ಬೇಡವೆಂದ ರಾಕೆಟ್, ಬದಲಿಗೆ ಈ ಅಪಾಯವನ್ನು ಕೇಳಿತು.

1945ರ ಫೆಬ್ರುವರಿ 17ರಂದು ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಈ ಲೆಕ್ಕ ಚುಕ್ತಾ ಆಯಿತು. ದಡ ಪರೀಕ್ಷಿಸಲು ಈಜಿ ಹೊರಟ ಮುಳುಗುಗಾರರಿಗೆ ರಕ್ಷಣೆಯಾಗಿ ಇಂಥ ಹನ್ನೆರಡು ಹಡಗುಗಳು ಮುಂದೆ ಹೋದವು. ಜಪಾನೀಯರು ಇದೇ ನಿಜವಾದ ದಾಳಿಯೆಂದು ತಿಳಿದು, ಬಂಡೆಗಳ ಮರೆಯಲ್ಲಿ ಅದುವರೆಗೆ ತೆಪ್ಪಗಿದ್ದ ಫಿರಂಗಿಗಳ ಬಾಯಿ ತೆರೆದರು. ಹನ್ನೆರಡಕ್ಕೂ ಏಟು ಬಿತ್ತು, 474 ಸಂಖ್ಯೆಯ ಹಡಗು ಮುಳುಗಿತು. 449ರ ಕಮಾಂಡರ್ ರೂಫಸ್ ಹೆರಿಂಗ್‌ಗೆ ಇಪ್ಪತ್ಮೂರು ವರ್ಷ. ಮೈಯೆಲ್ಲ ರಕ್ತವಾಗಿದ್ದರೂ ತಾನೇ ಚುಕ್ಕಾಣಿ ಹಿಡಿದ. ನಿಲ್ಲಲಾಗದಾಗ ಖಾಲಿ ಶೆಲ್ ಕೋಶಗಳಿಗೆ ಒರಗಿಕೊಂಡೇ ಹಡಗನ್ನು ಹೊರಗೆ ತಂದ. ಅವನಿಗೆ ಅಮೆರಿಕದ ಅತ್ಯುಚ್ಚ ಶೌರ್ಯಪದಕ ಬಂತು. ಮರುದಿನ ದೊಡ್ಡ ಯುದ್ಧನೌಕೆಗಳು ಹೊಡೆದದ್ದು, ಈ ಪುಟ್ಟವು ಹೊಡೆಸಿಕೊಂಡದ್ದರಿಂದ ಬಯಲಾದ ಆ ಫಿರಂಗಿಗಳಿಗೆ. ಸೈನಿಕರು ಇಳಿದದ್ದು 19ರಂದು.

ಆಮೇಲೆ ಬಂದ ಎಲ್‌ಎಸ್‌ಎಂ ರಾಕೆಟ್ ಹಡಗುಗಳು 203 ಅಡಿ ಉದ್ದದವು. ಓಕಿನಾವಾ ದ್ವೀಪದಲ್ಲಿ ದಡಕ್ಕೆ ಹೊಡೆದು ಮುಗಿದ ಮೇಲೆ ಅವನ್ನು ಜಪಾನಿನ ಆತ್ಮಾಹುತಿ ವಿಮಾನಗಳ ವಿರುದ್ಧ ಕಾವಲಿಗೆ ದೂರದ ಕಡಲಲ್ಲಿ ನಿಲ್ಲಿಸಿದರು. ವಿಮಾನಕ್ಕೆ ಹೊಡೆಯಲು ಆ ರಾಕೆಟ್ ಬರುವುದಿಲ್ಲ. ಮೇ 3 ಮತ್ತು 4ರ ಎರಡೇ ದಿನಗಳಲ್ಲಿ 190, 194, 195 ಮೂರೂ ತಳ ಸೇರಿದವು.